ಬಿಸಿಲಿಗೆ ಸುಟ್ಟ ಮೈ, ಇಟಲಿಯ ಔಷಧಿ ಅಂಗಡಿ: ಓದುಗರ ಪ್ರಶ್ನೆ, ನನ್ನ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಇಟಲಿಗೆ ಹೊರಟವರದೇ ಜಾಸ್ತಿ. ಕೇಳಿದ್ದೂ ಹೆಚ್ಚುಕಡಿಮೆ ಒಂದೇ: ಬಿಸಿಲಿಗೆ ಮೈ ಸುಟ್ಟರೆ ಅಲ್ಲಿನ ಔಷಧಿ ಅಂಗಡಿಯಲ್ಲಿ ಏನು ಹೇಳಬೇಕು?

ಹೊಸದಾಗಿ ಓದುವವರಿಗೆ ನನ್ನ ಪರಿಚಯ. ನಾನು ಕಾರವಾರದವಳು, ಫಾರ್ಮಸಿ ಓದಿದವಳು. ನಮ್ಮ ಯಜಮಾನರಿಗೆ ಜೆನೋವಾ ಬಂದರಿನಲ್ಲಿ ಕೆಲಸ ಇದ್ದಾಗ ಕೆಲವು ವರ್ಷ ಆ ಊರಲ್ಲಿದ್ದೆವು. ಈಗ ದಕ್ಷಿಣ ಗೋವಾದ ಕಾಣಕೋಣದಲ್ಲಿ, ಚೌಡಿ ಪೇಟೆಯಲ್ಲಿ ನಮ್ಮ ಮೆಡಿಕಲ್ ಶಾಪ್ ಇದೆ. ಪಾಳೊಳೆಂ ಕಡಲತೀರ ಇಲ್ಲಿಂದ ಹತ್ತಿರ. ಚಳಿಗಾಲ ಬಂತೆಂದರೆ ಹೆಗಲು, ಬೆನ್ನು ಸುಟ್ಟುಕೊಂಡ ವಿದೇಶಿಯರು ನಮ್ಮ ಅಂಗಡಿಗೆ ಬರುತ್ತಲೇ ಇರುತ್ತಾರೆ. ಹಾಗಾಗಿ ಈ ಮಾತುಕತೆಯನ್ನು ಕೌಂಟರಿನ ಎರಡೂ ಕಡೆಯಿಂದ ಕೇಳಿದ್ದೇನೆ.

ಇಟಾಲಿಯನ್ ಮಾತುಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಬರೆದ ಹಾಗೇ ಓದಿ. ಅವರ ತ, ದ ಎರಡೂ ನಮ್ಮ ತ, ದ ಇದ್ದ ಹಾಗೇ ಇವೆ. ಇಂಗ್ಲಿಷಿನವರ ಹಾಗೆ ಟ, ಡ ಮಾಡಬೇಡಿ. ಒತ್ತಕ್ಷರ ಬಂದಲ್ಲಿ ಒತ್ತಿಯೇ ಹೇಳಿ.

ಮೊದಲ ಪತ್ರ: ಜೂನ್‌ನಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ ರೋಮ್, ನಾಪೊಲಿ, ಅಮಾಲ್ಫಿ ಕಡೆ ಹೋಗುತ್ತಿದ್ದೇವೆ. ಹೋದ ವರ್ಷ ಹೋಗಿ ಬಂದ ನನ್ನ ತಂಗಿಗೆ ಬೆನ್ನು ಉರಿಯುತ್ತಿದ್ದರೂ ಅಂಗಡಿಯಲ್ಲಿ ಹೇಳಲು ಆಗಲಿಲ್ಲ. ಯಾವುದೋ ಪರಿಮಳದ ಕ್ರೀಮ್ ತಂದು ಹಚ್ಚಿ ಉರಿ ಇನ್ನೂ ಜಾಸ್ತಿಯಾಯಿತು. ಇಂಗ್ಲಿಷ್ ಸಾಲದೇ? ಕಲಿಯಲೇಬೇಕಾದ ವಾಕ್ಯಗಳು ಯಾವುವು? — ಓದುಗರು, ಕೋಥ್ರೂಡ್, ಪುಣೆ

ರೋಮ್‌ನ ಮುಖ್ಯ ರೈಲು ನಿಲ್ದಾಣದ ಸುತ್ತಮುತ್ತ ಇಂಗ್ಲಿಷ್ ನಡೆಯುತ್ತದೆ. ಅಮಾಲ್ಫಿ ಕರಾವಳಿಯ ಸಣ್ಣ ಊರಿನಲ್ಲಿ ನಡೆಯುತ್ತದೆ ಅಂತ ನಂಬಿ ಕೂರಬೇಡಿ. ಆದರೆ ನಿಮ್ಮ ತಂಗಿಯ ತೊಂದರೆಗೆ ಇನ್ನೊಂದು ಕಾರಣವೂ ಇದ್ದಿರಬೇಕು. ಅದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ನಮ್ಮವರಿಗೆ ಇದೇ ದೊಡ್ಡದು.

ಬಿಳಿ ಚರ್ಮದವರು ಸುಟ್ಟುಕೊಂಡು ಬಂದರೆ ಬಾಯಿ ಬಿಡಬೇಕಿಲ್ಲ. ಹೆಗಲು ಕೆಂಪಗಾಗಿರುತ್ತದೆ, ಫಾರ್ಮಸಿಸ್ಟ್ ನೋಡಿದ ಕೂಡಲೇ ತಿಳಿಯುತ್ತಾರೆ. ನಮ್ಮ ಕಂದು ಮೈಯಲ್ಲಿ ಆ ಕೆಂಪು ಎದ್ದು ಕಾಣುವುದಿಲ್ಲ. ಸ್ವಲ್ಪ ಕಪ್ಪಾದಂತೆ ಕಾಣಬಹುದು, ಅಷ್ಟೇ. ಒಳಗೆ ಮಾತ್ರ ಅದೇ ಉರಿ, ಅದೇ ಬಿಗಿತ, ಮುಟ್ಟಿದರೆ ಅದೇ ಬಿಸಿ. ನೀವು ಸುಮ್ನೆ ಬೆನ್ನು ತೋರಿಸಿದರೆ ಅವರಿಗೆ ಏನೂ ಕಾಣುವುದಿಲ್ಲ. ಯಾವುದೋ ಮಾಯಿಶ್ಚರೈಸರ್ ಕೊಟ್ಟು ಕಳಿಸುತ್ತಾರೆ. ಆದ್ದರಿಂದ ನಾವು ಬಾಯಿಬಿಟ್ಟು ಹೇಳಲೇಬೇಕು.

ಒಳಗೆ ಹೋದ ಕೂಡಲೇ ‘ಬ್ವೊಂಜೋರ್ನೊ’ ಅನ್ನಿ. ಸಂಜೆಯಾದರೆ ‘ಬ್ವೊನಾಸೇರಾ’. ನಮಸ್ಕಾರ ಹೇಳದೆ ನೇರವಾಗಿ ಕ್ರೀಮ್ ಕೇಳುವುದು ಅಲ್ಲಿ ಒರಟು ಅನಿಸುತ್ತದೆ. ಸರದಿ ಇದ್ದರೆ ಗೆರೆಯ ಹಿಂದೆ ನಿಲ್ಲಿ. ಕೆಲವು ಅಂಗಡಿಗಳಲ್ಲಿ ಬಾಗಿಲ ಪಕ್ಕದ ಯಂತ್ರದಿಂದ ನಂಬರ್ ಚೀಟಿ ತೆಗೆಯಬೇಕು. ನಿಮ್ಮ ಸರದಿ ಬಂದಾಗ ಬಿಳಿ ಕೋಟಿನವರು ‘ಮಿ ದೀಕಾ’ ಅನ್ನುತ್ತಾರೆ, ಅಂದರೆ ಹೇಳಿ ಅಂತ. ಅಲ್ಲಿ ಫಾರ್ಮಸಿಸ್ಟ್ ಗಂಡಸಾದರೆ ‘ದೊತ್ತೋರೆ’, ಹೆಂಗಸಾದರೆ ‘ದೊತ್ತೊರೆಸ್ಸಾ’ ಅಂತ ಕರೆಯುವುದು ರೂಢಿ.

ಈಗ ಹೇಳಿ: ‘ಮಿ ಸೋನೊ ಸ್ಕೊತ್ತಾತಾ ಅಲ್ ಸೋಲೆ.’ ಬಿಸಿಲಿಗೆ ಸುಟ್ಟುಕೊಂಡಿದ್ದೇನೆ ಅಂತ. ಗಂಡಸರಾದರೆ ‘ಸ್ಕೊತ್ತಾತೊ’. ಅತ್ತೆಗಾಗಿದ್ದರೆ ‘ಮೀಯಾ ಸ್ವೋಚೆರಾ ಸಿ ಎ ಸ್ಕೊತ್ತಾತಾ’. ಯಜಮಾನರಿಗಾದರೆ ‘ಮೀಯೊ ಮರೀತೊ ಸಿ ಎ ಸ್ಕೊತ್ತಾತೊ’.

ಅದರ ಬೆನ್ನಿಗೇ ನಮ್ಮವರು ಬಾಯಿಪಾಠ ಮಾಡಲೇಬೇಕಾದ ಮಾತು: ‘ನೊನ್ ಸಿ ವೇದೆ, ಮಾ ಬ್ರೂಚಾ.’ ಕಾಣುವುದಿಲ್ಲ, ಆದರೆ ಉರಿಯುತ್ತಿದೆ. ಈ ಪುಟದಲ್ಲಿ ಒಂದೇ ವಾಕ್ಯ ಕಲಿಯುತ್ತೇನೆ ಅನ್ನುವವರು ಇದನ್ನೇ ಕಲಿಯಿರಿ. ಇದನ್ನು ಕೇಳಿದರೆ ಅವರು ಗಮನ ಕೊಟ್ಟು ನೋಡುತ್ತಾರೆ. ನಾವು ಜೆನೋವಾದಲ್ಲಿದ್ದಾಗ ಹಡಗಿನ ಕೆಲಸದ ಮಂಗಳೂರು ಹುಡುಗನೊಬ್ಬನನ್ನು ಹತ್ತಿರದ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಬೊಕ್ಕಾದಾಸ್ಸೆಯ ಕಲ್ಲಿನ ದಡದಲ್ಲಿ ಅಂಗಿ ಬಿಚ್ಚಿ ಮಧ್ಯಾಹ್ನವೆಲ್ಲ ಮಲಗಿದ್ದ. ಕಪ್ಪು ಮೈಬಣ್ಣದ ಹುಡುಗ, ಬೆನ್ನು ನೋಡಿದರೆ ಏನೂ ಆದಂತಿರಲಿಲ್ಲ. ಈ ಮಾತು ಹೇಳಿದ ಮೇಲೆ ಆ ಫಾರ್ಮಸಿಸ್ಟ್ ಕೌಂಟರಿನಿಂದ ಈಚೆ ಬಂದರು. ಅಂಗೈ ಹಿಂಭಾಗವನ್ನು ಅವನ ಹೆಗಲ ಹತ್ತಿರ ಹಿಡಿದರು. ಮುಟ್ಟದೆಯೇ ಬಿಸಿ ತಿಳಿಯಿತು. ಆಮೇಲೆ ಕೊಟ್ಟ ಸಲಹೆ ಬೇರೆಯೇ ಇತ್ತು.

ಎಲ್ಲಿ ಅಂತ ಹೇಳುವುದು ಸುಲಭ. ‘ಮಿ ಬ್ರೂಚಾನೊ ಲೆ ಸ್ಪಾಲ್ಲೆ’ ಅಂದರೆ ಹೆಗಲು ಉರಿಯುತ್ತಿದೆ. ‘ಮಿ ಬ್ರೂಚಾ ಲಾ ಸ್ಕ್ಯೇನಾ’ ಅಂದರೆ ಬೆನ್ನು. ಕತ್ತಿಗೆ ‘ಇಲ್ ಕೊಲ್ಲೊ’, ಮುಖಕ್ಕೆ ‘ಇಲ್ ವೀಜೊ’. ಚಪ್ಪಲಿ ಹಾಕಿ ಇಡೀ ದಿನ ನಡೆದವರಿಗೆ ಪಾದದ ಮೇಲ್ಭಾಗ ಸುಡುತ್ತದೆ, ಅದಕ್ಕೆ ‘ಮಿ ಬ್ರೂಚಾನೊ ಇ ಪ್ಯೇದಿ’. ಚರ್ಮ ಎಳೆದಂತೆ ಬಿಗಿಯಾಗಿದ್ದರೆ ‘ಲಾ ಪೆಲ್ಲೆ ಮಿ ತೀರಾ’. ತುರಿಕೆ ಇದ್ದರೆ ‘ಮಿ ಪ್ರೂದೆ’. ಇಷ್ಟಾದ ಮೇಲೆ ಕೇಳಿ: ‘ಆ ಕ್ವಾಲ್ಕೋಸಾ ಪೆರ್ ಊನಾ ಸ್ಕೊತ್ತಾತೂರಾ ಸೊಲಾರೆ?’ ಇದಕ್ಕೆ ಏನಾದರೂ ಇದೆಯೇ ಅಂತ.

ನಿಮ್ಮ ತಂಗಿಗೆ ಉರಿ ಜಾಸ್ತಿಯಾದದ್ದು ಆ ಪರಿಮಳದಿಂದಲೇ ಇರಬಹುದು. ಸುಟ್ಟ ಚರ್ಮಕ್ಕೆ ಸುಗಂಧ, ಆಲ್ಕೊಹಾಲ್ ಎರಡೂ ಆಗುವುದಿಲ್ಲ. ‘ಸೆಂತ್ಸಾ ಪ್ರೊಫೂಮೊ, ಪೆರ್ ಫವೋರೆ’ ಅನ್ನಿ. ಪರಿಮಳ ಇಲ್ಲದ್ದು, ದಯವಿಟ್ಟು. ಬಿಸಿಲಾದ ಮೇಲೆ ಹಚ್ಚುವ ಕ್ರೀಮಿಗೆ ಅಲ್ಲಿ ‘ದೊಪೊಸೋಲೆ’ ಅನ್ನುತ್ತಾರೆ. ಅದು ಸೂಪರ್ ಮಾರ್ಕೆಟ್ಟಿನಲ್ಲೂ ಸಿಗುತ್ತದೆ, ಆದರೆ ಅಲ್ಲಿಯದರಲ್ಲಿ ಪರಿಮಳ ಇರುವುದೇ ಜಾಸ್ತಿ. ಬರೀ ಉರಿ ಇದ್ದರೆ ‘ಜೆಲ್ ಅಲ್ಲಾಲೊಎ’ ಸಾಕು. ಅದು ನಮ್ಮ ಲೋಳೆಸರದ ಜೆಲ್ಲೇ.

ಅವರೂ ನಿಮ್ಮನ್ನು ಕೇಳುತ್ತಾರೆ. ನಮ್ಮವರು ಗಾಬರಿಯಾಗಿ ತಲೆಯಾಡಿಸುವುದು ಇಲ್ಲೇ. ಪ್ರಶ್ನೆಗಳು ಮೊದಲೇ ಗೊತ್ತಿದ್ದರೆ ಭಯ ಇಲ್ಲ. ‘ದಾ ಕ್ವಾಂದೊ?’ ಅಂದರೆ ಯಾವಾಗಿನಿಂದ. ‘ದಾ ಯೇರಿ’ ನಿನ್ನೆಯಿಂದ, ‘ದಾ ಸ್ತಮತ್ತೀನಾ’ ಇವತ್ತು ಬೆಳಿಗ್ಗೆಯಿಂದ. ‘ಚಿ ಸೋನೊ ಬೊಲ್ಲೆ?’ ಅಂದರೆ ಗುಳ್ಳೆ ಎದ್ದಿವೆಯೇ. ‘ಆ ಫೆಬ್ಬ್ರೆ?’ ಜ್ವರ ಇದೆಯೇ. ‘ಪ್ರೆಂದೆ ಫಾರ್ಮಚಿ?’ ಬೇರೆ ಮಾತ್ರೆ ತಗೊಳ್ಳುತ್ತೀರಾ. ‘ಎ ಅಲ್ಲೇರ್ಜಿಕಾ ಆ ಕ್ವಾಲ್ಕೋಸಾ?’ ಯಾವುದಾದರೂ ಆಗಿಬರುವುದಿಲ್ಲವೇ. ಹೌದು ಅನ್ನಲು ‘ಸಿ’, ಇಲ್ಲ ಅನ್ನಲು ‘ನೊ’. ಅರ್ಥವಾಗದೆ ‘ಸಿ’ ಮಾತ್ರ ಅನ್ನಬೇಡಿ. ‘ಪ್ಯು ಪ್ಯಾನೊ, ಪೆರ್ ಫವೋರೆ’ ಅಂದರೆ ನಿಧಾನವಾಗಿ ಹೇಳುತ್ತಾರೆ.

ಹಣ ಕೊಡುವಾಗ ‘ಆ ಲಾ ತೆಸ್ಸೆರಾ ಸನಿತಾರಿಯಾ?’ ಅಂತ ಕೇಳಿದರೆ ಹೆದರಬೇಡಿ. ಅದು ಅಲ್ಲಿನವರ ಆರೋಗ್ಯ ಕಾರ್ಡು. ಔಷಧಿ ಖರ್ಚಿಗೆ ಅವರಿಗೆ ತೆರಿಗೆಯಲ್ಲಿ ವಿನಾಯಿತಿ ಇದೆ, ಅದಕ್ಕೆ ಆ ನಂಬರ್ ಬೇಕು. ‘ನೊ, ಸೋನೊ ತುರಿಸ್ತಾ’ ಅಂದರೆ ಮುಗಿಯಿತು.

ಹೊರಡುವ ಮೊದಲು ಹಚ್ಚುವ ರೀತಿ ಕೇಳಿಕೊಳ್ಳಿ. ‘ಕ್ವಾಂತೆ ವೋಲ್ತೆ ಅಲ್ ಜೋರ್ನೊ?’ ದಿನಕ್ಕೆ ಎಷ್ಟು ಸಲ? ‘ದುಎ’ ಎರಡು, ‘ತ್ರೆ’ ಮೂರು. ‘ಸ್ತ್ರಾತೊ ಸೊತ್ತೀಲೆ’ ಅಂದರೆ ತೆಳ್ಳಗೆ ಹಚ್ಚಿ ಅಂತ. ಮಾತ್ರೆ ಕೊಟ್ಟು ‘ಆ ಸ್ತೋಮಕೊ ಪ್ಯೇನೊ’ ಅಂದರೆ ಊಟವಾದ ಮೇಲೆ.

ಇನ್ನೊಂದು. ಬಿಸಿಲಿನ ಉರಿ ಕೂಡಲೇ ತಿಳಿಯುವುದಿಲ್ಲ. ಮೂರರಿಂದ ಐದು ಗಂಟೆ ಕಳೆದ ಮೇಲೆ ಶುರುವಾಗುತ್ತದೆ, 12ರಿಂದ 24 ಗಂಟೆಯೊಳಗೆ ಏರುತ್ತದೆ. ಸಂಜೆ ಸ್ವಲ್ಪ ಚುರುಚುರು ಅಂದಾಗಲೇ ಅಂಗಡಿಗೆ ಹೋಗಿ. ರಾತ್ರಿ ಹಾಸಿಗೆಯಲ್ಲಿ ಹೊರಳುವಾಗ ಅಂಗಡಿ ಮುಚ್ಚಿರುತ್ತದೆ. ಕ್ರೀಮ್ ತಂದ ಮೇಲೆ ರೂಮಿಗೆ ಹೋಗಿ ಹತ್ತು ಹದಿನೈದು ನಿಮಿಷ ತಣ್ಣೀರಿನ ಕೆಳಗೆ ನಿಂತು, ಮೈ ಪೂರ್ತಿ ಒರೆಸದೆ ಕ್ರೀಮ್ ಹಚ್ಚಿ. ನೀರು ಕುಡಿಯುತ್ತಿರಿ. ಅತ್ತೆಯವರಿಗೆ ಬಾಯಾರಿಕೆ ಆಗಲಿಲ್ಲ ಅಂದರೂ ಕುಡಿಸಿ.

ನಾವು ಹುಟ್ಟಿದಾಗಿನಿಂದ ಬಿಸಿಲಲ್ಲೇ ಬೆಳೆದವರು. ಮುಂಬೈ ಬಿಸಿಲಿಗೆ ಆಗದ್ದು ಇಟಲಿ ಬಿಸಿಲಿಗೆ ಆಗುತ್ತದೆಯೇ? ಆದರೂ ಕೊಬ್ಬರಿ ಎಣ್ಣೆ, ತುಪ್ಪ ಇದ್ದೇ ಇದೆಯಲ್ಲ? — ಓದುಗರು, ಮಾಟುಂಗಾ, ಮುಂಬೈ

ಆಗುತ್ತದೆ. ಕಂದು ಚರ್ಮದ ಮೆಲನಿನ್ ನಮ್ಮನ್ನು ಸ್ವಲ್ಪ ಕಾಯುತ್ತದೆ, ನಿಜ. ಬಿಳಿಯರಿಗಿಂತ ನಿಧಾನವಾಗಿ ಸುಡುತ್ತೇವೆ. ಸುಡುವುದೇ ಇಲ್ಲ ಅಂತ ಅಲ್ಲ.

ಏಪ್ರಿಲ್, ಮೇ ತಿಂಗಳ ಮುಂಬೈ ಬಿಸಿಲು ಇಟಲಿಯ ಬಿಸಿಲಿಗಿಂತ ಕಡಿಮೆ ಏನಲ್ಲ. ಆದರೆ ಆಗ ಮಧ್ಯಾಹ್ನ ನೀವು ಎಲ್ಲಿರುತ್ತೀರಿ? ಮನೆಯಲ್ಲಿ, ಆಫೀಸಿನಲ್ಲಿ, ಲೋಕಲ್ ರೈಲಿನಲ್ಲಿ. ಹೊರಗೆ ಬಂದರೂ ಮರವೋ ಅಂಗಡಿ ಮುಂದಿನ ಮಾಡೋ ನೋಡಿ ನಡೆಯುತ್ತೀರಿ. ಪ್ರವಾಸಕ್ಕೆ ಹೋದಾಗ ಹಾಗಲ್ಲ. ಪೊಂಪೇಯ ಹಾಳು ಊರಿನಲ್ಲಿ ನೆರಳೇ ಸಿಗುವುದು ಕಷ್ಟ, ಅಲ್ಲಿ ಗಂಟೆಗಟ್ಟಲೆ ಸುತ್ತುತ್ತೀರಿ. ಕಾಪ್ರಿಗೆ ದೋಣಿಯಲ್ಲಿ ಹೋಗುವಾಗ ತಂಪು ಗಾಳಿ ಬೀಸುತ್ತದೆ, ಬೆವರು ಬರುವುದಿಲ್ಲ, ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಸುಡುವುದು ಬಿಸಿಲಿನ ಕಾವಲ್ಲ, ಅದರಲ್ಲಿರುವ ನೇರಳಾತೀತ ಕಿರಣ. ಕಾವು ಇಲ್ಲದಿದ್ದರೂ ಅದು ಇರುತ್ತದೆ. ಮರಳು ಸುಮಾರು 15 ಶೇಕಡಾ ಕಿರಣವನ್ನು ಮೇಲಕ್ಕೆ ತಿರುಗಿಸುತ್ತದೆ, ಸಮುದ್ರದ ನೊರೆ 25, ಹೊಸ ಹಿಮ 80ರವರೆಗೆ. ಡೊಲೊಮೀತಿ ಬೆಟ್ಟಗಳಿಗೆ ಹೋಗುವವರು ಇದನ್ನು ನೆನಪಿಡಿ, ಅಲ್ಲಿ ಎತ್ತರ ಏರಿದಂತೆಲ್ಲ ಕಿರಣದ ಬಲವೂ ಏರುತ್ತದೆ.

ಜೂನ್‌ನಲ್ಲಿ ರೋಮ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹತ್ತಿರ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿರುತ್ತಾರೆ. ಅಲ್ಲಿನ ನಡುಹಗಲು 12ಕ್ಕಲ್ಲ, ಒಂದು ಗಂಟೆ ದಾಟಿದ ಮೇಲೆ. 11ರಿಂದ ನಾಲ್ಕರವರೆಗೆ ಚರ್ಚು, ಮ್ಯೂಸಿಯಂ ಒಳಗಿರುವ ಹಾಗೆ ದಿನವನ್ನು ಹಾಕಿಕೊಳ್ಳಿ.

ಎಣ್ಣೆ, ತುಪ್ಪದ ವಿಷಯ. ಆಗ ತಾನೇ ಸುಟ್ಟ ಚರ್ಮಕ್ಕೆ ಎರಡೂ ಬೇಡ. ಜಿಡ್ಡು ಮೇಲೆ ಕೂತು ಒಳಗಿನ ಕಾವು ಹೊರಗೆ ಹೋಗಲು ಬಿಡುವುದಿಲ್ಲ. ಐಸ್ ಕೂಡ ನೇರವಾಗಿ ಇಡಬೇಡಿ. ಟೂತ್‌ಪೇಸ್ಟ್ ಬೇಡ, ಅರಿಶಿನ ಬೇಡ. ಉರಿ ಇಳಿದು, ಸಿಪ್ಪೆ ಏಳುವ ಹೊತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ತೊಂದರೆ ಇಲ್ಲ. ನಾನೂ ಹಚ್ಚುತ್ತೇನೆ.

ನಿಂಬೆರಸದ ಬಗ್ಗೆ ಮಾತ್ರ ಕೈಮುಗಿದು ಕೇಳಿಕೊಳ್ಳುತ್ತೇನೆ. ಬಿಸಿಲಿಗೆ ಕಪ್ಪಾದ ಮುಖಕ್ಕೆ ನಿಂಬೆ ಉಜ್ಜುವ ಅಭ್ಯಾಸ ನಮ್ಮಲ್ಲಿದೆ. ಅಮಾಲ್ಫಿ, ಸೊರೆಂತೊ ಕಡೆ ದೊಡ್ಡ ದೊಡ್ಡ ನಿಂಬೆಹಣ್ಣು ರಸ್ತೆ ಬದಿಯಲ್ಲೇ ಸಿಗುತ್ತವೆ, ಆಸೆಯಾಗುತ್ತದೆ. ನಿಂಬೆ ಜಾತಿಯ ಹಣ್ಣುಗಳಲ್ಲಿ ಬಿಸಿಲು ಬಿದ್ದರೆ ಚರ್ಮವನ್ನು ಸುಡುವ ಅಂಶ ಇದೆ. ಗೋವಾದಲ್ಲಿ ಕಡಲತೀರದಲ್ಲಿ ಕೂತು ಶರಬತ್ತಿಗೆ ನಿಂಬೆ ಹಿಂಡಿದವರು ಎರಡು ದಿನದ ಮೇಲೆ ಬೆರಳ ತುಂಬ ಗುಳ್ಳೆ, ಕಪ್ಪು ಕಲೆ ತೋರಿಸಿಕೊಂಡು ನಮ್ಮ ಅಂಗಡಿಗೆ ಬಂದಿದ್ದಾರೆ. ಆ ಕಲೆ ಹೋಗಲು ತಿಂಗಳುಗಳೇ ಬೇಕು. ನಿಂಬೆ ಹಿಂಡಿದರೆ ಕೈಯನ್ನು ಸೋಪು ಹಾಕಿ ತೊಳೆದು ಆಮೇಲೆ ಬಿಸಿಲಿಗೆ ಬನ್ನಿ.

ನನಗೆ 68. ದಿನಾ ಬಿಪಿ ಮಾತ್ರೆ ಇದೆ. ಮೊಣಕಾಲಿಗೆ ನೋವಿನ ಜೆಲ್ ಹಚ್ಚುತ್ತೇನೆ. ಮಗಳ ಜೊತೆ ಮಿಲಾನೊಗೆ ಹೋಗುತ್ತಿದ್ದೇನೆ. ಅಲ್ಲಿ ಉರಿಗೆ ಮಾತ್ರೆ ಕೊಟ್ಟರೆ ತಗೊಳ್ಳಬಹುದೇ? — ಓದುಗರು, ಔಂಧ್, ಪುಣೆ

ಕೇಳಿದ್ದು ಬಹಳ ಒಳ್ಳೆಯದಾಯಿತು. ಮೊದಲು ನಿಮ್ಮ ಮಾತ್ರೆಯ ಸ್ಟ್ರಿಪ್ ನೋಡಿ. ಹೆಸರಿನ ಕೊನೆಯಲ್ಲಿ ಎಚ್ ಅಕ್ಷರ ಇದ್ದರೆ ಅದರಲ್ಲಿ ಹೈಡ್ರೋಕ್ಲೋರೋಥಯಝೈಡ್ ಅನ್ನುವ ಮದ್ದು ಇರುವುದು ಸಾಮಾನ್ಯ. ಅದು ಚರ್ಮ ಬಿಸಿಲಿಗೆ ಬೇಗ ಸುಡುವಂತೆ ಮಾಡುತ್ತದೆ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಕೂಡ ಹಾಗೇ, ಮಗಳು ತಗೊಳ್ಳುತ್ತಿದ್ದರೆ ಹೇಳಿ. ಮಾತ್ರೆ ನಿಲ್ಲಿಸಬೇಡಿ, ಬಿಸಿಲನ್ನು ಕಡಿಮೆ ಮಾಡಿ.

ಮೊಣಕಾಲಿನ ಜೆಲ್ ಕೀಟೊಪ್ರೊಫೇನ್ ಆಗಿದ್ದರೆ ಇನ್ನೂ ಹುಷಾರಾಗಿರಬೇಕು. ಅದನ್ನು ಹಚ್ಚಿದ ಜಾಗಕ್ಕೆ ಬಿಸಿಲು ಬೀಳಬಾರದು. ಹಚ್ಚುವುದು ನಿಲ್ಲಿಸಿದ ಮೇಲೂ ಎರಡು ವಾರ ಬಟ್ಟೆಯಿಂದ ಮುಚ್ಚಿರಬೇಕು.

ಉರಿಗೆ ಅಲ್ಲಿ ‘ಇಬುಪ್ರೊಫೇನೆ’, ಅಂದರೆ ಐಬುಪ್ರೊಫೇನ್ ಅನ್ನುವ ನೋವಿನ ಮಾತ್ರೆ ಕೊಡುವುದು ಸಾಮಾನ್ಯ. ಗಟ್ಟಿ ಮೈಯ ಹುಡುಗರಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬಿಪಿ ಮಾತ್ರೆಯ ಜೊತೆ, ಅದೂ ಬಿಸಿಲಿಗೆ ಮೈಯ ನೀರು ಇಳಿದಿರುವಾಗ, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ನೀವು ‘ಪರಾಚೆತಾಮೋಲೊ’ ಕೇಳಿ. ನಮ್ಮ ಕ್ರೋಸಿನ್, ಡೋಲೊ ಇದ್ದ ಹಾಗೆ ಅಲ್ಲಿ ಮನೆಮನೆಯಲ್ಲಿ ಇರುವುದು ತಾಕಿಪಿರೀನಾ. 500 ಮಿಲಿಗ್ರಾಂ ಚೀಟಿ ಇಲ್ಲದೆ ಸಿಗುತ್ತದೆ, 1000ಕ್ಕೆ ವೈದ್ಯರ ಚೀಟಿ ಬೇಕು. ಯಕೃತ್ತಿನ ತೊಂದರೆ ಇದ್ದವರು ಇದನ್ನೂ ಕೇಳಿಯೇ ತಗೊಳ್ಳಬೇಕು. ಅಂಗಡಿಯಲ್ಲಿ ‘ಪ್ರೆಂದೊ ಮೆದಿಚೀನೆ ಪೆರ್ ಲಾ ಪ್ರೆಸ್ಸ್ಯೋನೆ’ ಅಂತ ಮೊದಲೇ ಹೇಳಿ, ಬಿಪಿಗೆ ಮಾತ್ರೆ ತಗೊಳ್ಳುತ್ತೇನೆ ಅಂತ. ಮಾತ್ರೆಯ ಸ್ಟ್ರಿಪ್ಪನ್ನೇ ಕೈಯಲ್ಲಿ ಹಿಡಿದು ತೋರಿಸಿ. ನಮ್ಮ ಕಂಪನಿ ಹೆಸರು ಅವರಿಗೆ ಗೊತ್ತಿರುವುದಿಲ್ಲ, ಕೆಳಗೆ ಸಣ್ಣದಾಗಿ ಅಚ್ಚಾದ ಮದ್ದಿನ ಹೆಸರು ಗೊತ್ತಿರುತ್ತದೆ.

ಆರು ವರ್ಷದ ಮಗ ಜೊತೆಗಿದ್ದಾನೆ. ಇಲ್ಲಿಂದಲೇ ಸಿರಪ್ ಒಯ್ಯಲೋ, ಅಲ್ಲೇ ತಗೊಳ್ಳಲೋ? — ಓದುಗರು, ಡೊಂಬಿವಲಿ

ಇಲ್ಲಿಂದಲೇ ಒಯ್ಯಿರಿ, ನಿಮಗೆ ಅಳತೆ ಗೊತ್ತಿರುತ್ತದೆ. ಅಲ್ಲಿ ಕೊಳ್ಳುವುದಾದರೆ ಒಂದು ವಿಷಯ. ನಮ್ಮಲ್ಲಿ 5 ಮಿಲಿಗೆ 250 ಮಿಲಿಗ್ರಾಂ ಇರುವ ಪ್ಯಾರಸಿಟಮಾಲ್ ಸಿರಪ್ ಸಿಗುತ್ತದೆ. ತಾಕಿಪಿರೀನಾ ಸಿರಪ್‌ನಲ್ಲಿ 5 ಮಿಲಿಗೆ 120. ಆದ್ದರಿಂದ ಮನೆಯ ಚಮಚದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಮಗುವಿನ ತೂಕ ಹೇಳಿ ಕೇಳಿ. ‘ಆ ಸೇಇ ಆನ್ನಿ, ಪೇಜಾ ವೆಂತಿ ಕೀಲಿ’ ಅಂದರೆ ಆರು ವರ್ಷ, 20 ಕಿಲೊ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ.

ಕ್ರೀಮ್ ಕೈಗೆ ಬಂದಾಗ ‘ವಾ ಬೇನೆ ಪೆರ್ ಇ ಬಂಬೀನಿ?’ ಅಂತ ಕೇಳಿ. ಮಕ್ಕಳಿಗೆ ಆಗುತ್ತದೆಯೇ ಅಂತ. ಮರಗಟ್ಟಿಸುವ ಮದ್ದು ಸೇರಿದ ಕ್ರೀಮುಗಳಿವೆ. ಪೊಟ್ಟಣದ ಮೇಲೆ ‘ಬೆಂದ್ಜೊಕಾಯಿನಾ’ (benzocaina) ಅಂತ ಇದ್ದರೆ ಮಗುವಿಗೆ ಹಚ್ಚಬೇಡಿ. ದೊಡ್ಡವರಿಗೂ ನಾನು ಕೊಡುವುದಿಲ್ಲ, ಕೆಲವರಿಗೆ ಅದರಿಂದಲೇ ಅಲರ್ಜಿ ಏಳುತ್ತದೆ.

ಮುಂಚೆಯೇ ಹಚ್ಚುವ ಸನ್‌ಸ್ಕ್ರೀನ್ ಬೇಕಾದರೆ ‘ಕ್ರೇಮಾ ಸೊಲಾರೆ, ಪ್ರೊತೆತ್ಸ್ಯೋನೆ ಚಿಂಕ್ವಾಂತಾ’, ಅಂದರೆ 50ರದ್ದು. ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದಾಗಲೆಲ್ಲ ಮತ್ತೆ ಹಚ್ಚಿ. ಕಿವಿಯ ತುದಿ ಮರೆಯಬೇಡಿ. ಟೋಪಿ, ತೋಳು ಮುಚ್ಚುವ ಅಂಗಿ ಹಾಕಿಸಿ.

ಸವೋನಾದಲ್ಲಿ ಕ್ರೂಸ್ ಹಡಗಿಗೆ ಸೇರುತ್ತಿದ್ದೇನೆ. ಡೆಕ್ ಮೇಲೆ ಕೆಲಸ. ಯಾವಾಗ ಅಂಗಡಿ ಸಾಕು, ಯಾವಾಗ ಡಾಕ್ಟರ್ ಬೇಕು? — ಓದುಗರು, ವಾಸ್ಕೊ

ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಅಲ್ಲಿ ಇಂಗ್ಲಿಷ್ ನಡೆಯುತ್ತದೆ. ರಜೆ ಸಿಗುವುದಿಲ್ಲ, ಮೇಲಿನವರು ಏನೆಂದುಕೊಳ್ಳುತ್ತಾರೋ ಅಂತ ಮುಚ್ಚಿಡಬೇಡಿ. ವಾಸ್ಕೊ, ಮಡಗಾಂವ್ ಕಡೆಯ ಎಷ್ಟೋ ಹುಡುಗರು ಹಡಗಿಗೆ ಹೋಗುತ್ತಾರೆ. ಮೊದಲ ತಿಂಗಳಲ್ಲಿ ಹೆಚ್ಚಿನವರು ಹೀಗೆ ಮುಚ್ಚಿಟ್ಟೇ ಒದ್ದಾಡುತ್ತಾರೆ.

ಬಂದರಿನಲ್ಲಿ ಇಳಿದಾಗ ಬರೀ ಉರಿ ಇದ್ದರೆ ಅಂಗಡಿ ಸಾಕು. ಒಂದೆರಡು ಸಣ್ಣ ಗುಳ್ಳೆ ಇದ್ದರೂ ಸಾಕು, ಅವನ್ನು ಒಡೆಯಬೇಡಿ. ಗುಳ್ಳೆ ಬೆನ್ನಿನ ತುಂಬ ಎದ್ದಿದ್ದರೆ, ಮುಖದ ಮೇಲಿದ್ದರೆ, ಕೀವು ಕಂಡರೆ ಡಾಕ್ಟರ್ ಬೇಕು. ‘ಓ ತಾಂತೆ ಬೊಲ್ಲೆ’ ಅಂದರೆ ಗುಳ್ಳೆ ಬಹಳ ಇವೆ. ‘ಓ ಲಾ ಫೆಬ್ಬ್ರೆ ಎ ಇ ಬ್ರೀವಿದಿ’ ಅಂದರೆ ಜ್ವರ, ಚಳಿನಡುಕ ಇದೆ. ‘ಮಿ ಜೀರಾ ಲಾ ತೆಸ್ತಾ’ ತಲೆ ಸುತ್ತುತ್ತಿದೆ. ‘ಓ ವೊಮಿತಾತೊ’ ವಾಂತಿಯಾಯಿತು. ಈ ಮಾತು ಹೇಳಬೇಕಾಗಿ ಬಂದರೆ ಕ್ರೀಮ್ ಕೇಳಬೇಡಿ. ‘ದೇವೊ ಅಂದಾರೆ ದಾಲ್ ಮೇದಿಕೊ?’ ಅಂತ ಕೇಳಿ, ಡಾಕ್ಟರ ಹತ್ತಿರ ಹೋಗಬೇಕೇ ಅಂತ.

ಜೊತೆಗಾರ ಬಿಸಿಲಲ್ಲಿ ಕುಸಿದು ಬಿದ್ದರೆ, ಅಸಂಬದ್ಧ ಮಾತಾಡಿದರೆ ಅದು ಚರ್ಮದ ವಿಷಯವಲ್ಲ, ಜೀವದ ವಿಷಯ. ಅಲ್ಲಿನವರು ‘ಕೋಲ್ಪೊ ದಿ ಕಲೋರೆ’ ಅನ್ನುತ್ತಾರೆ. 112ಕ್ಕೆ ಫೋನ್ ಮಾಡಿ, ಅದು ಯುರೋಪಿನಲ್ಲೆಲ್ಲ ನಡೆಯುವ ತುರ್ತು ನಂಬರ್. ಹತ್ತಿರ ಯಾರಾದರೂ ಇದ್ದರೆ ‘ಕ್ಯಾಮಿ ಉನ್ ಅಂಬುಲಾಂತ್ಸಾ’ ಅನ್ನಿ. ಆಂಬುಲೆನ್ಸ್ ಬರುವವರೆಗೆ ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ. ಪ್ರಜ್ಞೆ ಸರಿ ಇಲ್ಲದವನಿಗೆ ನೀರು ಕುಡಿಸಬೇಡಿ.

ಭಾನುವಾರ, ರಾತ್ರಿ ಅಂಗಡಿ ಸಿಗುತ್ತದೆಯೇ? — ಓದುಗರು, ಠಾಣೆ

ಸಿಗುತ್ತದೆ. ಹಸಿರು ಬಣ್ಣದ ಶಿಲುಬೆ ಹೊಳೆಯುತ್ತಿದ್ದರೆ ಅಂಗಡಿ ತೆರೆದಿದೆ. ಸಣ್ಣ ಊರುಗಳಲ್ಲಿ ಮಧ್ಯಾಹ್ನ ಊಟದ ಹೊತ್ತು ಮುಚ್ಚುತ್ತಾರೆ, ನಾಲ್ಕರ ಹೊತ್ತಿಗೆ ತೆರೆಯುತ್ತಾರೆ. ಪಾಳಿಯಂತೆ ಒಂದು ಅಂಗಡಿ ರಾತ್ರಿ, ರಜಾ ದಿನ ತೆರೆದಿರುತ್ತದೆ. ಅದರ ಹೆಸರು ‘ಫಾರ್ಮಚೀಯಾ ದಿ ತೂರ್ನೊ’. ಮುಚ್ಚಿದ ಅಂಗಡಿಯ ಬಾಗಿಲಲ್ಲೇ ಅದರ ವಿಳಾಸ ಹಾಕಿರುತ್ತಾರೆ. ಹೋಟೆಲಿನಲ್ಲಿ ‘ದೊವೆ ಲಾ ಫಾರ್ಮಚೀಯಾ ದಿ ತೂರ್ನೊ?’ ಅಂತ ಕೇಳಿದರೂ ಆಯಿತು. ತಡರಾತ್ರಿ ಬೆಲ್ ಒತ್ತಬೇಕು, ಕಿಟಕಿಯಿಂದ ಕೊಡುತ್ತಾರೆ, ಸ್ವಲ್ಪ ಹೆಚ್ಚು ಹಣ ತಗೊಳ್ಳಬಹುದು. ‘ಪರಾಫಾರ್ಮಚೀಯಾ’ ಅನ್ನುವ ಅಂಗಡಿಗಳೂ ಇವೆ. ಚೀಟಿ ಬೇಡದ ಮದ್ದು, ಕ್ರೀಮು ಅಲ್ಲೂ ಸಿಗುತ್ತವೆ. ಕಿರಾಣಿ ಅಂಗಡಿಯಲ್ಲಿ ಮಾತ್ರೆ ಹುಡುಕಬೇಡಿ.

ಫೋನಿನ ಅನುವಾದ ಸಾಕಲ್ಲವೇ? — ಓದುಗರು, ಪಿಂಪ್ರಿ

ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಇಂಗ್ಲಿಷಿನಿಂದ ಮಾಡಿ. ಅಲರ್ಜಿ, ದಿನಾ ತಗೊಳ್ಳುವ ಮದ್ದು, ಗರ್ಭಿಣಿ ಅನ್ನುವ ವಿಷಯ ಮಾತ್ರ ಕಾಗದದಲ್ಲಿ ಬರೆದು ಪರ್ಸಿನಲ್ಲಿಡಿ. ಸಮುದ್ರದ ದಡದಲ್ಲಿ ಫೋನಿನ ಚಾರ್ಜ್ ಮುಗಿದಿರುತ್ತದೆ, ಇಲ್ಲವೇ ಬಿಸಿಲಿಗೆ ಅದೇ ಬಿಸಿಯಾಗಿ ನಿಂತಿರುತ್ತದೆ. ಗರ್ಭಿಣಿಯರು ‘ಸೋನೊ ಇನ್‌ಚಿಂತಾ’ ಅಂತ ಎಲ್ಲಕ್ಕಿಂತ ಮೊದಲು ಹೇಳಬೇಕು.

ನಾನು ವಿಜಯಪುರದ ಕಡೆಯವನು. ಆಗೊಂಡ ತೀರದ ಗುಡಿಸಲು ಹೋಟೆಲಿನಲ್ಲಿ ಕೆಲಸ. ಸೀಸನ್ನಿನಲ್ಲಿ ಇಟಲಿಯವರು ಬರುತ್ತಾರೆ, ಮೈ ಸುಟ್ಟುಕೊಂಡು ನಮ್ಮನ್ನೇ ಕೇಳುತ್ತಾರೆ. ನಾವು ಏನು ಹೇಳಬೇಕು? — ಓದುಗರು, ಆಗೊಂಡ

ನಿಮ್ಮ ಪತ್ರ ನೋಡಿ ಖುಷಿಯಾಯಿತು. ಅವರ ಊರಲ್ಲಿ ನಮಗೆ ಯಾರಾದರೂ ಎರಡು ಮಾತು ನಮ್ಮ ಭಾಷೆಯಲ್ಲಿ ಹೇಳಿದರೆ ಎಷ್ಟು ಧೈರ್ಯ ಬರುತ್ತದೆ, ಅಲ್ವಾ?

‘ವೆಂಗಾ ಅಲ್ಲೊಂಬ್ರಾ’ ಅನ್ನಿ, ನೆರಳಿಗೆ ಬನ್ನಿ ಅಂತ. ‘ದೋಚ್ಚಾ ಫ್ರೆಸ್ಕಾ’ ಅಂದರೆ ತಣ್ಣೀರ ಸ್ನಾನ. ‘ಬೇವಾ ಆಕ್ಕ್ವಾ’ ನೀರು ಕುಡಿಯಿರಿ. ಎಳನೀರು ಕೊಟ್ಟರೆ ಇನ್ನೂ ಒಳ್ಳೆಯದು. ಬಿಯರ್ ಕೇಳಿದರೆ ‘ಓಜ್ಜಿ ನೊ’, ಇವತ್ತು ಬೇಡ ಅನ್ನಿ. ಅದು ಮೈಯ ನೀರನ್ನು ಇನ್ನಷ್ಟು ಇಳಿಸುತ್ತದೆ. ‘ನ್ಯೆಂತೆ ಓಲ್ಯೊ, ನ್ಯೆಂತೆ ಗ್ಯಾಚ್ಚೊ’ ಅಂದರೆ ಎಣ್ಣೆ ಬೇಡ, ಐಸ್ ಬೇಡ. ತೀರದಲ್ಲಿ ಮಾಲೀಶು ಮಾಡುವವರು ಕೊಬ್ಬರಿ ಎಣ್ಣೆ ಹಿಡಿದು ಬಂದರೆ ನೀವೇ ತಡೆಯಿರಿ. ಹೋಟೆಲಿನ ಅಂಗಳದಲ್ಲಿ ಲೋಳೆಸರ ಇದ್ದರೆ ಎಲೆ ಕತ್ತರಿಸಿ, ಹಳದಿ ರಸ ಪೂರ್ತಿ ಸೋರಿ ಹೋಗಲು ಬಿಟ್ಟು, ತೊಳೆದು, ಒಳಗಿನ ಬಿಳಿ ತಿರುಳು ಮಾತ್ರ ಕೊಡಿ. ಆ ಹಳದಿ ರಸ ಚರ್ಮಕ್ಕೆ ಕೆರೆತ ತರುತ್ತದೆ. ಗುಳ್ಳೆ ಒಡೆದ ಜಾಗಕ್ಕೆ ತಿರುಳನ್ನೂ ಹಚ್ಚಬಾರದು.

ಜ್ವರ, ವಾಂತಿ, ತಲೆಸುತ್ತು ಕಂಡರೆ ಗೋವಾದಲ್ಲಿ 108ಕ್ಕೆ ಫೋನ್ ಮಾಡಿ. ಕ್ರೀಮ್ ಸಾಕು ಅನಿಸಿದರೆ ಅವರನ್ನು ಸ್ಕೂಟರಿನಲ್ಲಿ ಬಿಸಿಲಲ್ಲೇ ಕಳಿಸಬೇಡಿ. ಸಂಜೆ ಐದರ ಮೇಲೆ ತೋಳಿನ ಅಂಗಿ ಹಾಕಿಸಿ ಚೌಡಿಗೆ ಕಳಿಸಿ, ಇಲ್ಲವೇ ನೀವೇ ಬಂದು ತಗೊಂಡು ಹೋಗಿ.